ಒಡಲೊಳಗಿನ ಪಂಪು

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಗಳೂ, ಎಣ್ಣೆಯ ಒತ್ತಡದಿಂದ ನಡೆಯುವ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಗಳೂ ಹಲವಾರಿವೆ. ಅಲ್ಲಿ ತಯಾರಾದ ಪಂಪುಗಳು ದೇಶದ ನಾನಾ ಕಡೆಗೆ ಹೋಗುತ್ತವೆ. ಅಂತಹ ಪಂಪೊಂದು ಕೆಟ್ಟಿತೆನ್ನಿ. ಕೆಲಸಗಾರನು ಗುಂಡಿಯೊತ್ತಿ ಯಂತ್ರವನ್ನು ನಿಲ್ಲಿಸುತ್ತಾನೆ. ತಿರುಪುಗಳನ್ನು ಸಡಿಲಿಸಿ ಮುಚ್ಚಳವನ್ನು ತೆಗೆಯುತ್ತಾನೆ. ಸವೆದ ಭಾಗವನ್ನು ಬದಲಿಸಿ ಮತ್ತೆ ನಡೆಸುತ್ತಾನೆ. ನಷ್ಟವಾಗುವುದು ಕೆಲವು ಗಂಟೆಗಳ ಕೆಲಸ ಮಾತ್ರ.

ಆದರೆ ಬಿಚ್ಚಿ ನೋಡಲಾಗದ, ಮನಸ್ಸು ಬಂದಾಗ ನಿಲ್ಲಿಸಲಾಗದ ಪಂಪೊಂದುಂಟು. ಅದರ ಸ್ಥಾನ ಮನುಷ್ಯನ ಹೊಟ್ಟೆಯ ಚರ್ಮದ ಕೆಳಗೆ. ಅದು ಇಡೀ ದಿನದಲ್ಲಿ ನೂಕುವ ಔಷಧಿ ಕೆಲವೊಮ್ಮೆ ನಾಲ್ಕೇ ಹನಿ. ಆ ನಾಲ್ಕು ಹನಿಗಳು ನಿಂತರೆ ಅಡಗಿದ್ದ ನೋವು ಮರಳುತ್ತದೆ; ಮಿತಿಮೀರಿದರೆ ಉಸಿರೇ ನಿಲ್ಲಬಹುದು. ಕ್ಯಾನ್ಸರಿನ ತೀವ್ರ ವೇದನೆಯಿಂದ ಬಳಲುವವರಿಗೆ, ಬೆನ್ನಿನ ಶಸ್ತ್ರಚಿಕಿತ್ಸೆಗಳಾದ ಮೇಲೂ ನೋವು ಬಿಡದವರಿಗೆ, ಇತರ ಮಾರ್ಗಗಳೆಲ್ಲ ಸೋತ ಬಳಿಕ ವೈದ್ಯರು ಇಂತಹ ಪಂಪನ್ನು ಅಳವಡಿಸುವುದುಂಟು. ಇದು ಕೆಲಸ ಮಾಡುವ ಬಗೆಯನ್ನೂ, ಅದಕ್ಕಿಂತ ಮುಖ್ಯವಾಗಿ ಇದು ಕೆಡುವ ಬಗೆಯನ್ನೂ ಈ ಲೇಖನದಲ್ಲಿ ವಿಚಾರಿಸೋಣ. ಯಂತ್ರವು ನಡೆಯುವುದನ್ನು ಮಾತ್ರ ಬಲ್ಲವನಿಗೆ ಆ ಯಂತ್ರದ ಅರ್ಧ ಭಾಗವಷ್ಟೇ ತಿಳಿದಂತಾಯಿತು.

ನೋವು ಸಾಗುವ ದಾರಿ

ಕಾಲಿಗೆ ಮುಳ್ಳು ಚುಚ್ಚಿದರೆ ಆ ಸುದ್ದಿ ನೇರವಾಗಿ ಮಿದುಳಿಗೆ ಹೋಗುವುದಿಲ್ಲ. ಅದು ನರದ ಮೂಲಕ ಮೊದಲು ಬೆನ್ನುಹುರಿಯನ್ನು ಸೇರುತ್ತದೆ. ಅಲ್ಲಿ ಒಂದು ನರಕೋಶವು ಇನ್ನೊಂದಕ್ಕೆ ಸುದ್ದಿಯನ್ನು ದಾಟಿಸಿದ ನಂತರವೇ ಅದು ಮೇಲಕ್ಕೇರುವುದು. ಬೆನ್ನುಹುರಿಯು ನೋವಿನ ಪಾಲಿಗೆ ಒಂದು ಸುಂಕದಕಟ್ಟೆ ಇದ್ದಂತೆ. ಅಲ್ಲಿ ತಡೆದರೆ ಮುಂದೆ ಪ್ರಯಾಣವಿಲ್ಲ.

ಅಫೀಮಿನಿಂದ ದೊರೆಯುವ ಮಾರ್ಫೀನ್ ನೋವನ್ನು ಅಡಗಿಸುವುದೆಂಬುದು ಬಹುಕಾಲದಿಂದ ತಿಳಿದ ವಿಷಯ. ಆದರೆ ಅದು ಎಲ್ಲಿ ಕೆಲಸ ಮಾಡುತ್ತದೆಂಬುದು ತಿಳಿದದ್ದು ಈಚೆಗೆ. 1973ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ಅವರು ನರಕೋಶಗಳಲ್ಲಿ ಮಾರ್ಫೀನಿನಂತಹ ವಸ್ತುಗಳನ್ನು ಹಿಡಿದುಕೊಳ್ಳುವ ವಿಶೇಷ ಸ್ಥಾನಗಳಿರುವುದನ್ನು ತೋರಿಸಿದರು. ಇವುಗಳಿಗೆ ಗ್ರಾಹಿಗಳೆಂದು ಹೆಸರು. ಬೀಗಕ್ಕೆ ತಕ್ಕ ಬೀಗದ ಕೈ ಇರುವಂತೆ ಗ್ರಾಹಿಗೆ ತಕ್ಕ ಔಷಧಿಯಿರುತ್ತದೆ. ಬೆನ್ನುಹುರಿಯಲ್ಲಿ ನೋವಿನ ಸುದ್ದಿ ಕೈಬದಲಾಗುವ ಜಾಗದಲ್ಲಿಯೇ ಇಂತಹ ಗ್ರಾಹಿಗಳು ದಟ್ಟವಾಗಿವೆ. 1976ರಲ್ಲಿ ಟೋನಿ ಯಾಕ್ಷ್ ಮತ್ತು ಥಾಮಸ್ ರೂಡಿ ಎಂಬ ವಿಜ್ಞಾನಿಗಳು ಇಲಿಗಳ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಮಾರ್ಫೀನನ್ನು ನೇರವಾಗಿ ಸೇರಿಸಿ, ಅಲ್ಲಿಂದಲೇ ನೋವನ್ನು ತಡೆಯಬಹುದೆಂದು ಸಿದ್ಧಪಡಿಸಿದರು. 1979ರಲ್ಲಿ ಅಮೆರಿಕದ ಮೇಯೋ ಚಿಕಿತ್ಸಾಲಯದ ವೈದ್ಯರು ಕ್ಯಾನ್ಸರ್ ರೋಗಿಗಳಲ್ಲಿ ಇದೇ ಫಲವನ್ನು ಕಂಡರು. 1981ರಲ್ಲಿ ಅದೇ ಸಂಸ್ಥೆಯಲ್ಲಿ ಅಳವಡಿಸಿದ ಪಂಪಿನಿಂದ ಬೆನ್ನುಹುರಿಯ ದ್ರವಕ್ಕೆ ಎಡೆಬಿಡದೆ ಮಾರ್ಫೀನನ್ನು ಹರಿಸಿದ ವರದಿ ಪ್ರಕಟವಾಯಿತು.

ಮುನ್ನೂರಕ್ಕೆ ಬದಲಾಗಿ ಒಂದು

ಮಾರ್ಫೀನನ್ನು ಮಾತ್ರೆಯಾಗಿ ನುಂಗಿದರೆ ಅದು ಕರುಳಿನಿಂದ ಯಕೃತ್ತಿಗೆ ಹೋಗಿ, ಅಲ್ಲಿ ಬಹುಭಾಗ ಮಾರ್ಪಟ್ಟು, ಉಳಿದದ್ದು ರಕ್ತದೊಡನೆ ಇಡೀ ಶರೀರವನ್ನು ಸುತ್ತುತ್ತದೆ. ಬೆನ್ನುಹುರಿಗೆ ತಲುಪುವುದು ಅತ್ಯಲ್ಪ. ಉಳಿದ ಭಾಗವು ಮಲಬದ್ಧತೆ, ವಾಕರಿಕೆ, ಮಂಪರುಗಳನ್ನು ತರುತ್ತದೆ. ಒಂದು ಗಿಡಕ್ಕೆ ನೀರೆರೆಯಲು ಇಡೀ ಹೊಲವನ್ನೇ ತೋಯಿಸಿದಂತೆ ಇದು. ವೈದ್ಯರು ಬಳಸುವ ಸ್ಥೂಲವಾದ ಲೆಕ್ಕದ ಪ್ರಕಾರ ಬಾಯಿಂದ ಸೇವಿಸಿದ 300 ಮಿಲಿಗ್ರಾಂ ಮಾರ್ಫೀನಿಗೆ, ರಕ್ತನಾಳಕ್ಕೆ ಕೊಟ್ಟ 100 ಮಿಲಿಗ್ರಾಂ ಸಮ. ಬೆನ್ನುಹುರಿಯ ದ್ರವಕ್ಕೆ ಕೊಟ್ಟರೆ 1 ಮಿಲಿಗ್ರಾಂ ಸಾಕು.

ಇನ್ನೊಂದು ಅನುಕೂಲವೂ ಉಂಟು. ನೀರನ್ನು ದಿನ ಬಿಟ್ಟು ದಿನ ಕೊಡುವ ಊರಿನಲ್ಲಿ ನಲ್ಲಿ ಬಂದಾಗ ತೊಟ್ಟಿ ತುಂಬಿ ಚೆಲ್ಲುತ್ತದೆ, ಮರುದಿನ ಬರಿದಾಗುತ್ತದೆ. ಬೆಳಗಾವಿಯ ಕೆಲವು ವಾರ್ಡುಗಳಲ್ಲಿ 2008ರ ಸುಮಾರಿಗೆ ದಿನದ 24 ಗಂಟೆಯೂ ನೀರು ಹರಿಸುವ ಏರ್ಪಾಡು ಬಂದಾಗ ಆ ವಾರ್ಡುಗಳ ಮನೆಗಳಿಗೆ ತುಂಬಿಡುವ ತೊಟ್ಟಿಯ ಚಿಂತೆ ಕಡಮೆಯಾಯಿತು. ಮಾತ್ರೆಯೂ ಹಾಗೆಯೇ: ನುಂಗಿದ ಸ್ವಲ್ಪ ಹೊತ್ತಿಗೆ ರಕ್ತದಲ್ಲಿ ಔಷಧಿಯ ಪ್ರಮಾಣ ಏರುತ್ತದೆ, ಮುಂದಿನ ಮಾತ್ರೆಯ ವೇಳೆಗೆ ಇಳಿಯುತ್ತದೆ; ಇಳಿದ ವೇಳೆಯಲ್ಲಿ ನೋವು ತಲೆಯೆತ್ತುತ್ತದೆ. ಪಂಪಾದರೋ ಎಡೆಬಿಡದೆ ಒಂದೇ ಸಮನಾಗಿ ಕೊಡಬಲ್ಲುದು.

ಒಂದು ಲೆಕ್ಕವನ್ನು ಮಾಡಿ ನೋಡೋಣ. ರೋಗಿಗೆ ದಿನಕ್ಕೆ 1 ಮಿಲಿಗ್ರಾಂ ಮಾರ್ಫೀನ್ ಬೇಕೆಂದೂ, ಪಂಪಿನಲ್ಲಿ ತುಂಬಿದ ದ್ರಾವಣದ ಪ್ರತಿ ಮಿಲಿಲೀಟರಿನಲ್ಲಿ 5 ಮಿಲಿಗ್ರಾಂ ಇದೆಯೆಂದೂ ಭಾವಿಸಿರಿ. ಆಗ ದಿನಕ್ಕೆ ಬೇಕಾಗುವ ದ್ರಾವಣ 0.2 ಮಿ.ಲೀ. ಒಂದು ಮಿಲಿಲೀಟರಿಗೆ 20 ಹನಿಗಳೆಂದರೆ ಇದು ನಾಲ್ಕು ಹನಿ. ಎಂದರೆ ಆರು ಗಂಟೆಗೊಂದು ಹನಿ. ಪಂಪಿನ ತೊಟ್ಟಿಯಲ್ಲಿ 20 ಮಿ.ಲೀ. ಹಿಡಿಯುತ್ತದೆಂದೂ, ಕೊನೆಯ 2 ಮಿ.ಲೀ. ಅನ್ನು ಆಪತ್ತಿಗೆಂದು ಉಳಿಸಬೇಕೆಂದೂ ಇಟ್ಟುಕೊಂಡರೆ, 18ನ್ನು 0.2ರಿಂದ ಭಾಗಿಸಿದಾಗ 90 ದಿನಗಳು ಬರುತ್ತವೆ. ಈ ಅಂಕಿಗಳನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇವೇ ನಮಗೆ ಅಳತೆಗೋಲಾಗುವುವು.

ಪಂಪಿನ ರಚನೆ

ಇಂತಹ ಪಂಪಿನ ಹೊರಕವಚವು ಸಾಮಾನ್ಯವಾಗಿ ಟೈಟೇನಿಯಮ್ ಲೋಹದ್ದು. ಬೂಟ್ ಪಾಲಿಶಿನ ಡಬ್ಬಿಯ ಆಕಾರ. ವ್ಯಾಸ ಎಂಟರಿಂದ ಒಂಬತ್ತು ಸೆಂಟಿಮೀಟರ್, ದಪ್ಪ ಸುಮಾರು ಎರಡು ಸೆಂಟಿಮೀಟರ್. ಮೇಲ್ಭಾಗದ ನಡುವೆ ರಬ್ಬರಿನಂತಹ ಒಂದು ಬಿರಡೆಯಿದೆ. ವೈದ್ಯರು ಚರ್ಮದ ಮೂಲಕ ಸೂಜಿಯನ್ನು ಈ ಬಿರಡೆಗೆ ಚುಚ್ಚಿ, ಹಳೆಯ ಔಷಧಿಯನ್ನು ಹೊರತೆಗೆದು, ಹೊಸದನ್ನು ತುಂಬುತ್ತಾರೆ. ಸೂಜಿ ಹೊರಬಂದೊಡನೆ ರಂಧ್ರವು ತಾನಾಗಿ ಮುಚ್ಚಿಕೊಳ್ಳುತ್ತದೆ. ಪಂಪಿನಿಂದ ಹೊರಟ ತೆಳುವಾದ ನಳಿಕೆಯು ಚರ್ಮದ ಕೆಳಗೆ ಪಕ್ಕೆಯನ್ನು ಬಳಸಿ ಬೆನ್ನಿಗೆ ಹೋಗಿ, ಕಶೇರುಗಳ ನಡುವೆ ನುಸುಳಿ, ಬೆನ್ನುಹುರಿಯನ್ನು ಸುತ್ತಿದ ಪೊರೆಯೊಳಗಿನ ದ್ರವದಲ್ಲಿ ಕೊನೆಗೊಳ್ಳುತ್ತದೆ. ಅದರ ಒಳವ್ಯಾಸ ಸುಮಾರು ಅರ್ಧ ಮಿಲಿಮೀಟರ್.

ದ್ರವವನ್ನು ನೂಕುವ ಶಕ್ತಿ ಎಲ್ಲಿಂದ ಬರುತ್ತದೆ? ಇದಕ್ಕೆ ಮುಖ್ಯವಾಗಿ ಎರಡು ಉಪಾಯಗಳಿವೆ.

ಮೊದಲನೆಯದು ಆವಿಯ ಉಪಾಯ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಪೆರಿ ಬ್ಲಾಕ್‌ಷಿಯರ್ ಮತ್ತು ಅವರ ಸಂಗಡಿಗರು ರೂಪಿಸಿದ ಪಂಪು ಈ ಬಗೆಯದು. ಡಬ್ಬಿಯೊಳಗೆ ಲೋಹದ ಒಂದು ತಿದಿಯಿದೆ. ತಿದಿಯ ಒಳಗೆ ಔಷಧಿ. ಹೊರಗೆ, ಮುಚ್ಚಿದ ಕೋಣೆಯಲ್ಲಿ, ಸುಲಭವಾಗಿ ಆವಿಯಾಗುವ ಒಂದು ದ್ರವ. ಶರೀರದ 37 ಡಿಗ್ರಿ ಉಷ್ಣತೆಯಲ್ಲಿ ಆ ದ್ರವದ ಒಂದು ಅಂಶ ಆವಿಯಾಗಿ ತಿದಿಯನ್ನು ಅದುಮುತ್ತದೆ. ಅಡುಗೆ ಅನಿಲದ ಸಿಲಿಂಡರಿನಲ್ಲಿ ದ್ರವವು ಉಳಿದಿರುವವರೆಗೂ, ಉಷ್ಣತೆ ಬದಲಾಗದಿದ್ದರೆ, ಒತ್ತಡವು ಒಂದೇ ಸಮನಾಗಿರುವುದನ್ನು ನೀವು ಓದಿರಬಹುದು. ಸಂತೃಪ್ತ ಆವಿಯ ಒತ್ತಡವು ಪಾತ್ರೆಯ ಗಾತ್ರವನ್ನಲ್ಲ, ಉಷ್ಣತೆಯನ್ನು ಮಾತ್ರ ಅವಲಂಬಿಸುತ್ತದೆ. ಆದುದರಿಂದ ತಿದಿ ತುಂಬಿರಲಿ, ಅರ್ಧ ಬರಿದಾಗಿರಲಿ, ಅದುಮುವ ಬಲ ಒಂದೇ. ಹೊರದಾರಿಯಲ್ಲಿ ಕೂದಲೆಳೆಯಂತಹ ಸೂಕ್ಷ್ಮ ನಾಳವನ್ನಿಟ್ಟು ಹರಿವನ್ನು ನಿಧಾನಗೊಳಿಸುತ್ತಾರೆ. ವೈದ್ಯರು ಹೊಸ ಔಷಧಿಯನ್ನು ತುಂಬುವಾಗ ತಿದಿ ಹಿಗ್ಗಿ ಆವಿಯು ಮತ್ತೆ ದ್ರವವಾಗುತ್ತದೆ. ಔಷಧಿ ತುಂಬುವ ಕ್ರಿಯೆಯಿಂದಲೇ ಪಂಪಿಗೆ ಶಕ್ತಿಯೂ ತುಂಬಿದಂತಾಯಿತು. ಬ್ಯಾಟರಿ ಬೇಡ. ಆದರೆ ಹರಿವಿನ ವೇಗವನ್ನು ಬದಲಿಸುವಂತಿಲ್ಲ. ಔಷಧಿಯ ಪ್ರಮಾಣವನ್ನು ಹೆಚ್ಚಿಸಬೇಕಾದರೆ ಇನ್ನೂ ಗಟ್ಟಿಯಾದ ದ್ರಾವಣವನ್ನು ತುಂಬಬೇಕು.

ಎರಡನೆಯದು ವಿದ್ಯುತ್ತಿನ ಉಪಾಯ. ಇದರಲ್ಲಿ ಬ್ಯಾಟರಿ, ಪುಟ್ಟ ಮೋಟಾರು, ಹಲ್ಲುಚಕ್ರಗಳು ಮತ್ತು ಉರುಳೆಗಳಿವೆ. ಮೆದುವಾದ ನಳಿಕೆಯ ಮೇಲೆ ಉರುಳೆಗಳು ನಿಧಾನವಾಗಿ ಉರುಳುತ್ತ ಒಳಗಿನ ದ್ರವವನ್ನು ಹಿಂಡಿ ಮುಂದಕ್ಕೆ ನೂಕುತ್ತವೆ. ನಮ್ಮ ಕರುಳು ಆಹಾರವನ್ನು ನೂಕುವ ರೀತಿಯೂ ಇದೇ. ವೈದ್ಯರು ಚರ್ಮದ ಹೊರಗಿನಿಂದ ರೇಡಿಯೋ ಸಂಕೇತಗಳ ಮೂಲಕ ಇದರ ವೇಗವನ್ನು ಬದಲಿಸಬಹುದು. 1991ರಲ್ಲಿ ಬೆನ್ನುಹುರಿಯ ದ್ರವಕ್ಕೆ ಮಾರ್ಫೀನ್ ಕೊಡಲು ಇಂತಹ ಪಂಪಿಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇದರ ಬ್ಯಾಟರಿ ನಾಲ್ಕರಿಂದ ಏಳು ವರ್ಷ ಬಾಳುತ್ತದೆ; ಬಳಿಕ ಶಸ್ತ್ರಚಿಕಿತ್ಸೆ ಮಾಡಿ ಇಡೀ ಪಂಪನ್ನೇ ಬದಲಿಸಬೇಕು.

ಚೋರ್ಲಾ ಘಟ್ಟದ ಲೆಕ್ಕ

ಆವಿಯ ಪಂಪಿನ ಒಂದು ದೌರ್ಬಲ್ಯವನ್ನು ನಮ್ಮ ಸುತ್ತಿನ ಭೂಗೋಳದಿಂದಲೇ ತಿಳಿಯಬಹುದು. ಪಣಜಿಯು ಸಮುದ್ರಮಟ್ಟದಲ್ಲಿದೆ. ಅಲ್ಲಿಂದ ಚೋರ್ಲಾ ಘಟ್ಟವನ್ನೇರಿ, ಖಾನಾಪುರ ತಾಲ್ಲೂಕಿನ ಕಣಕುಂಬಿ, ಜಾಂಬೋಟಿಗಳನ್ನು ಹಾದು ಬಂದರೆ ಬೆಳಗಾವಿ. ಅದರ ಎತ್ತರ ಸುಮಾರು 750 ಮೀಟರ್. ಸಮುದ್ರಮಟ್ಟದಲ್ಲಿ ವಾಯುಮಂಡಲದ ಒತ್ತಡ 760 ಮಿಲಿಮೀಟರ್ ಪಾದರಸದಷ್ಟಿದ್ದರೆ ಬೆಳಗಾವಿಯಲ್ಲಿ ಅದು ಸುಮಾರು 695.

ಆವಿಯ ಒತ್ತಡವು ಸಮುದ್ರಮಟ್ಟದ ವಾಯುಮಂಡಲದ ಒತ್ತಡಕ್ಕಿಂತ 450 ಮಿಲಿಮೀಟರಿನಷ್ಟು ಹೆಚ್ಚಿದೆಯೆಂದು ಇಟ್ಟುಕೊಳ್ಳೋಣ. ಎಂದರೆ ಒಟ್ಟು ಒತ್ತಡ 1,210. ಕೋಣೆಯು ಮುಚ್ಚಿರುವುದರಿಂದಲೂ, ಶರೀರದ ಉಷ್ಣತೆ ಬದಲಾಗದಿರುವುದರಿಂದಲೂ ಘಟ್ಟ ಹತ್ತಿದರೂ ಇದು ಅಷ್ಟೇ ಇರುತ್ತದೆ. ಆದರೆ ಬೆನ್ನುಹುರಿಯ ದ್ರವದ ಒತ್ತಡವು ಹೊರಗಿನ ವಾಯುವಿನೊಡನೆ ಇಳಿಯುತ್ತದೆ. ಪಣಜಿಯಲ್ಲಿ ಎರಡರ ವ್ಯತ್ಯಾಸ 450 ಇದ್ದದ್ದು ಬೆಳಗಾವಿಯಲ್ಲಿ 515 ಆಯಿತು. ಹರಿವು ಒತ್ತಡದ ವ್ಯತ್ಯಾಸಕ್ಕೆ ಅನುಗುಣವಾಗಿರುವುದರಿಂದ ರೋಗಿಗೆ ಸೇರುವ ಔಷಧಿ ಶೇಕಡಾ 14ರಷ್ಟು ಹೆಚ್ಚಿತು! ರೋಗಿಯು ಮಾಡಿದ್ದು ಬಸ್ಸಿನಲ್ಲಿ ಕುಳಿತು ಬಂದದ್ದು ಮಾತ್ರ. ಜ್ವರ ಬಂದರೂ ಹೀಗೆಯೇ: ಉಷ್ಣತೆ ಒಂದು ಡಿಗ್ರಿ ಏರಿದರೆ ಆವಿಯ ಒತ್ತಡವೂ ಏರಿ, ಹರಿವು ಸುಮಾರು ಹತ್ತನೆಯ ಒಂದು ಭಾಗದಷ್ಟು ಹೆಚ್ಚುತ್ತದೆ. ಈ ಕಾರಣದಿಂದ ಆವಿಯ ಪಂಪನ್ನು ಅಳವಡಿಸುವಾಗ ರೋಗಿಯು ವಾಸಿಸುವ ಊರಿನ ಎತ್ತರವನ್ನು ಗಮನಿಸುವುದುಂಟು. ಉರುಳೆಯ ಪಂಪಿನಲ್ಲಿ ವೇಗವನ್ನು ನಿಗದಿಮಾಡುವುದು ಮೋಟಾರು. ಆದುದರಿಂದ ಅದಕ್ಕೆ ಈ ತೊಂದರೆ ಅಷ್ಟಾಗಿ ತಟ್ಟುವುದಿಲ್ಲ. ಆದರೆ ಮೋಟಾರು ಇದ್ದಲ್ಲಿ ಮೋಟಾರಿನ ಕೇಡುಗಳೂ ಇರುತ್ತವೆ.

ಕೆಡುವ ಬಗೆಗಳು

ಪಂಪು ಎಷ್ಟೇ ವಿಧವಾಗಿ ಕೆಟ್ಟರೂ ಪರಿಣಾಮಗಳು ಎರಡೇ: ಔಷಧಿ ಕಡಮೆಯಾಗುವುದು, ಇಲ್ಲವೆ ಹೆಚ್ಚಾಗುವುದು.

ಕಡಮೆಯಾಗುವುದಕ್ಕೆ ಬಹು ಸಲ ಕಾರಣವಾಗುವುದು ಪಂಪಲ್ಲ, ನಳಿಕೆ. ಅದು ಮಡಿಚಿಕೊಳ್ಳಬಹುದು, ಬಿರುಕು ಬಿಡಬಹುದು, ಜೋಡಣೆಯಲ್ಲಿ ಕಳಚಬಹುದು, ತುದಿಯು ತನ್ನ ಸ್ಥಾನದಿಂದ ಜಾರಬಹುದು. ರೋಗಿಯು ಬಗ್ಗುತ್ತಾನೆ, ಹೊರಳುತ್ತಾನೆ. ಅವನೊಡನೆ ನಳಿಕೆಯೂ ಬಾಗುತ್ತದೆ. ಪ್ವಾಸೆಯ್ ನಿಯಮದ ಪ್ರಕಾರ ನಳಿಕೆಯ ತ್ರಿಜ್ಯವು ಅರ್ಧವಾದರೆ, ಒತ್ತಡ ಅಷ್ಟೇ ಇರುವಾಗ, ಹರಿವು ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಉರುಳೆಯ ಪಂಪು ಇದನ್ನು ಒಂದು ಮಿತಿಯವರೆಗೆ ಹೆಚ್ಚು ಒತ್ತಡದಿಂದ ಗೆಲ್ಲಬಲ್ಲುದು. ನಳಿಕೆ ಪೂರ್ತಿ ಮುಚ್ಚಿದರೆ ಅದೂ ಸೋಲುತ್ತದೆ. ನಳಿಕೆ ಸೀಳಿದ್ದರಂತೂ ಪಂಪು ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡುತ್ತಲೇ ಇರುತ್ತದೆ, ಆದರೆ ಔಷಧಿ ಚರ್ಮದ ಕೆಳಗೆ ಸೋರಿಹೋಗುತ್ತದೆ.

ಮೋಟಾರು ನಿಲ್ಲುವುದು ಇನ್ನೊಂದು ಕೇಡು. ಹಲ್ಲುಚಕ್ರಗಳು ಸವೆಯಬಹುದು ಅಥವಾ ತುಕ್ಕು ಹಿಡಿಯಬಹುದು. ಪಂಪಿಗಾಗಿ ಒಪ್ಪಿಗೆ ಪಡೆಯದ ಔಷಧಿಗಳನ್ನೋ ಮಿಶ್ರಣಗಳನ್ನೋ ತುಂಬಿದರೆ ಒಳಭಾಗಗಳಿಗೆ ಹಾನಿಯಾಗುವ ಸಂಭವ ಹೆಚ್ಚೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರ ನವೆಂಬರಿನಲ್ಲಿ ಎಚ್ಚರಿಸಿತು. ಇದಕ್ಕೆ ಮುಂಚೆ, 2015ರ ಏಪ್ರಿಲಿನಲ್ಲಿ, ಮೆಡ್‌ಟ್ರಾನಿಕ್ ಸಂಸ್ಥೆಯ ಸಿಂಕ್ರೊಮೆಡ್-2 ಪಂಪಿನ ವಿಷಯದಲ್ಲಿ ಅಮೆರಿಕದ ಸರ್ಕಾರವು ನ್ಯಾಯಾಲಯದ ಮೂಲಕ ಕ್ರಮ ಕೈಗೊಂಡು, ದೋಷಗಳನ್ನು ಸರಿಪಡಿಸುವವರೆಗೆ ಅತ್ಯವಶ್ಯಕ ಪ್ರಸಂಗಗಳ ಹೊರತು ಅದರ ತಯಾರಿಕೆ ಮತ್ತು ಹಂಚಿಕೆಯನ್ನು ನಿಲ್ಲಿಸುವಂತೆ ಮಾಡಿತು. ಆದರೆ ಆಗಲೇ ಪಂಪನ್ನು ಹೊಂದಿದ್ದವರು ಅದನ್ನು ತೆಗೆಸಿಕೊಳ್ಳಬೇಕೆಂದು ಹೇಳಲಿಲ್ಲ. ತೆಗೆಯುವ ಶಸ್ತ್ರಚಿಕಿತ್ಸೆಯೂ, ಔಷಧಿ ತಪ್ಪುವುದೂ ಅಪಾಯಗಳೇ ಆದುದರಿಂದ ಅಪಾಯವನ್ನು ಅಪಾಯದೊಡನೆ ತೂಗಬೇಕಾಗುತ್ತದೆ.

ಎಂ.ಆರ್.ಐ. ಯಂತ್ರದ ವಿಷಯವೂ ಗಮನಾರ್ಹ. 1.5 ಟೆಸ್ಲಾ ಯಂತ್ರದ ಕಾಂತಕ್ಷೇತ್ರವು ಭೂಮಿಯ ಕಾಂತಕ್ಷೇತ್ರದ ಮೂವತ್ತು ಸಾವಿರ ಪಟ್ಟಿಗೂ ಮಿಕ್ಕಿದ್ದು. ಅದರೊಳಗೆ ಹೋದಾಗ ಪಂಪಿನ ಮೋಟಾರು ತಾತ್ಕಾಲಿಕವಾಗಿ ನಿಲ್ಲುತ್ತದೆ. ಹೊರಬಂದ ಮೇಲೆ ತಾನಾಗಿ ಹೊರಡಬೇಕು. ಹೊರಟಿತೆಂಬುದನ್ನು ಪರೀಕ್ಷಿಸಿ ದೃಢಪಡಿಸಿಕೊಳ್ಳಲೇಬೇಕು. ಕವಾಟಗಳಿಂದ ಹರಿವನ್ನು ನಿಯಂತ್ರಿಸುವ ಮತ್ತೊಂದು ಬಗೆಯ ಪಂಪಿನಲ್ಲಿ ಕಾಂತಬಲಕ್ಕೆ ಕವಾಟಗಳು ತೆರೆದು ತೊಟ್ಟಿಯ ಔಷಧಿಯೆಲ್ಲ ಒಮ್ಮೆಗೇ ನುಗ್ಗುವ ಭಯವಿರುವುದರಿಂದ, ಎಂ.ಆರ್.ಐ.ಗೆ ಮುಂಚೆಯೇ ತೊಟ್ಟಿಯನ್ನು ಬರಿದುಮಾಡುತ್ತಾರೆ. ಒಂದೇ ಕಾಂತಕ್ಷೇತ್ರ, ಎರಡು ಪಂಪುಗಳು, ತದ್ವಿರುದ್ಧವಾದ ಎರಡು ಕೇಡುಗಳು! ಆದುದರಿಂದ ರೋಗಿಗೆ ತನ್ನೊಳಗಿರುವುದು ಯಾವ ಪಂಪೆಂಬುದು ತಿಳಿದಿರಬೇಕು.

ಔಷಧಿ ಹೆಚ್ಚಾಗುವುದು ಅಪರೂಪ, ಆದರೆ ಹೆಚ್ಚು ಭಯಂಕರ. ಅದು ಬಹುವೇಳೆ ಯಂತ್ರದಿಂದಲ್ಲ, ಕೈತಪ್ಪಿನಿಂದ ಆಗುತ್ತದೆ. ತುಂಬುವಾಗ ಸೂಜಿಯು ಬಿರಡೆಯನ್ನು ತಪ್ಪಿ ಪಂಪಿನ ಸುತ್ತಲಿನ ಮಾಂಸಕ್ಕೆ ಹೋಯಿತೆನ್ನಿ. ನಮ್ಮ ಲೆಕ್ಕದ ಪ್ರಕಾರ 18 ಮಿ.ಲೀ. ಒಳಗಿರುವುದು 90 ಮಿಲಿಗ್ರಾಂ. ಅದು ಬೆನ್ನುಹುರಿಗಲ್ಲದೆ ರಕ್ತಕ್ಕೆ ಸೇರುವುದರಿಂದ ತೊಂಬತ್ತು ದಿನಗಳ ಫಲ ಒಮ್ಮೆಗೇ ಆಗುವುದಿಲ್ಲ. ಆದರೂ ಉಸಿರಾಟವನ್ನು ಕುಗ್ಗಿಸಲು ಅಷ್ಟು ಮಾರ್ಫೀನ್ ಧಾರಾಳವಾಗಿ ಸಾಕು. ಇನ್ನೊಂದು ಲೆಕ್ಕ: ನಳಿಕೆಯ ಉದ್ದ 90 ಸೆಂಟಿಮೀಟರ್, ಒಳವ್ಯಾಸ ಅರ್ಧ ಮಿಲಿಮೀಟರ್ ಆದರೆ ಅದರೊಳಗಿನ ದ್ರವ ಸುಮಾರು 0.18 ಮಿ.ಲೀ. ಇದು ಹೆಚ್ಚುಕಡಮೆ ಒಂದು ದಿನದ ಔಷಧಿ. ನಳಿಕೆಯನ್ನು ಪರೀಕ್ಷಿಸಲು ಬಣ್ಣದ್ರವವನ್ನು ನೂಕುವ ಮುನ್ನ ಈ ದ್ರವವನ್ನು ಹಿಂದಕ್ಕೆ ಎಳೆದುಕೊಳ್ಳದಿದ್ದರೆ ಇಪ್ಪತ್ತು ಗಂಟೆಗಳ ಔಷಧಿ ಕ್ಷಣಾರ್ಧದಲ್ಲಿ ಬೆನ್ನುಹುರಿಯನ್ನು ಸೇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಗಾತ್ರವೂ ಎಲ್ಲಿದೆಯೆಂಬುದರ ಮೇಲೆ ಅಪಾಯವಾಗುತ್ತದೆ.

ದೋಷವನ್ನು ಹುಡುಕುವ ಬಗೆ

ಪಂಪನ್ನು ಬಿಚ್ಚದೆ ಅದರ ದೋಷವನ್ನು ಕಂಡುಹಿಡಿಯುವುದು ಹೇಗೆ? ಇಲ್ಲಿ ವೈದ್ಯರು ಮಾಡುವ ತರ್ಕವು ಪ್ರಯೋಗಶಾಲೆಯ ತರ್ಕವೇ. 90 ದಿನಗಳ ನಂತರ ತೊಟ್ಟಿಯಲ್ಲಿ 2 ಮಿ.ಲೀ. ಉಳಿದಿರಬೇಕು. ಸೂಜಿಯಿಂದ ಹೊರತೆಗೆದಾಗ 8 ಮಿ.ಲೀ. ಬಂದರೆ? ಹೊರಗೆ ಹೋಗಬೇಕಾದ 18ರಲ್ಲಿ 12 ಮಾತ್ರ ಹೋಗಿದೆ. ಮೋಟಾರು ನಿಂತಿರಬೇಕು ಅಥವಾ ದಾರಿ ಮುಚ್ಚಿರಬೇಕು. ಸರಿಯಾಗಿ 2 ಮಿ.ಲೀ. ಬಂದು, ಆದರೂ ರೋಗಿಯು ನೋವೆನ್ನುತ್ತಿದ್ದರೆ? ಪಂಪು ತನ್ನ ಪಾಲನ್ನು ಮಾಡಿದೆ. ಔಷಧಿ ದಾರಿಯಲ್ಲಿ ಸೋರಿರಬಹುದು, ತುದಿ ಜಾರಿರಬಹುದು, ಅಥವಾ ರೋಗವೇ ಬೆಳೆದಿರಬಹುದು. ಮತ್ತಷ್ಟು ಖಚಿತಪಡಿಸಿಕೊಳ್ಳಲು ಸ್ವಲ್ಪ ಅಂತರದಲ್ಲಿ ಎರಡು ಕ್ಷ-ಕಿರಣ ಚಿತ್ರಗಳನ್ನು ತೆಗೆದು ಉರುಳೆಗಳು ಸ್ಥಾನ ಬದಲಿಸಿವೆಯೇ ಎಂದು ನೋಡುತ್ತಾರೆ. ನಳಿಕೆಗೆ ಬಣ್ಣದ್ರವವನ್ನು ಹಾಯಿಸಿ ಅದು ಎಲ್ಲಿಗೆ ಹೋಗುತ್ತದೆಂದು ಗಮನಿಸುತ್ತಾರೆ.

ಇಲ್ಲೊಂದು ಮೋಸವೂ ಉಂಟು. ಗಟ್ಟಿಯಾದ ಮಾರ್ಫೀನ್ ದ್ರಾವಣವು ಬಹುಕಾಲ ಹರಿದರೆ ಕೆಲವರಲ್ಲಿ ನಳಿಕೆಯ ತುದಿಯ ಸುತ್ತ ಉರಿಯೂತದ ಗಂಟೊಂದು ಬೆಳೆಯುತ್ತದೆ. ಅದು ಔಷಧಿಯನ್ನು ತಡೆಯುವುದರಿಂದ ನೋವು ಹೆಚ್ಚುತ್ತದೆ. ನೋವು ಹೆಚ್ಚಿತೆಂದು ಔಷಧಿಯನ್ನು ಹೆಚ್ಚಿಸಿದರೆ ಗಂಟೂ ಬೆಳೆಯುತ್ತದೆ. ಕೊನೆಗೆ ಬೆನ್ನುಹುರಿಯನ್ನೊತ್ತಿ ಕಾಲುಗಳ ಬಲವನ್ನು ಕುಂದಿಸಬಹುದು. ಕಾಲು ಜೋಮು ಹಿಡಿಯುವುದು, ನಡೆಯುವಾಗ ಎಡವುವುದು, ಮೂತ್ರದ ಹಿಡಿತ ತಪ್ಪುವುದು — ಇವುಗಳಲ್ಲಿ ಯಾವುದೊಂದು ಹೊಸದಾಗಿ ಕಂಡರೂ ರೋಗಿಯು ತಡಮಾಡದೆ ವೈದ್ಯರಿಗೆ ತಿಳಿಸಬೇಕಾದುದು ಇದಕ್ಕಾಗಿಯೇ.

ಪಂಪಿನೊಡನೆ ಬಾಳುವುದು

ವಿದ್ಯುತ್ತಿನ ಪಂಪು ತೊಂದರೆಯನ್ನು ತಾನೇ ಅರಿತಾಗ ಬೀಪ್ ಎಂದು ಕೂಗುತ್ತದೆ. ಔಷಧಿ ತಗ್ಗಿದಾಗ ಒಂದು ಬಗೆಯ ಕೂಗು. ಮೋಟಾರು ನಿಂತಾಗ, ತೊಟ್ಟಿ ಬರಿದಾದಾಗ ಇನ್ನೊಂದು ಬಗೆಯದು. ಮನೆಯವರೂ ಈ ಕೂಗುಗಳನ್ನು ಕೇಳಿ ಗುರುತಿಟ್ಟುಕೊಂಡಿರಬೇಕು. ಆದರೆ ನಳಿಕೆ ಸೀಳಿದರೆ ಪಂಪಿಗೆ ಅದು ತಿಳಿಯುವುದಿಲ್ಲ. ಅಲ್ಲಿ ಕೂಗುವ ಗಂಟೆಯೆಂದರೆ ರೋಗಿಯ ಶರೀರವೇ. ಮಾರ್ಫೀನ್ ತಪ್ಪಿದಾಗ ಬೆವರು, ಆಕಳಿಕೆ, ಮೂಗು ಸೋರುವಿಕೆ, ಭೇದಿ, ಚಡಪಡಿಕೆಗಳು ಕಾಣುತ್ತವೆ; ಜೊತೆಗೆ ಹಳೆಯ ನೋವು ಮರಳುತ್ತದೆ. ಹೆಚ್ಚಾದಾಗ ಎಬ್ಬಿಸಲಾಗದ ನಿದ್ರೆ, ನಿಧಾನವಾದ ಉಸಿರು, ಸೂಜಿಮೊನೆಯಷ್ಟಾದ ಕಣ್ಣಪಾಪೆ. ಇದು ಕ್ಷಣಕ್ಷಣವೂ ಅಮೂಲ್ಯವಾದ ಸ್ಥಿತಿ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ನಲೋಕ್ಸೋನ್ ಎಂಬ ಪ್ರತ್ಯೌಷಧವು ಮಾರ್ಫೀನನ್ನು ಗ್ರಾಹಿಗಳಿಂದ ಸರಿಸಿ ಉಸಿರನ್ನು ಮರಳಿಸಬಲ್ಲುದು.

ಸ್ನಾಯುಗಳ ಬಿಗಿತಕ್ಕೆಂದು ಪಂಪಿನಲ್ಲಿ ಬ್ಯಾಕ್ಲೋಫೆನ್ ಎಂಬ ಔಷಧಿಯನ್ನು ಪಡೆಯುವವರೂ ಇದ್ದಾರೆ. ಅದು ಹಠಾತ್ತಾಗಿ ನಿಂತರೆ ತುರಿಕೆ, ತೀವ್ರ ಜ್ವರ, ಮೈಯೆಲ್ಲ ಸೆಡೆತ, ಬುದ್ಧಿಭ್ರಮಣೆಗಳಾಗಿ ಪ್ರಾಣಕ್ಕೇ ಕುತ್ತು ಬರಬಹುದು. ಜ್ವರವೆಂದು ಬೇರೆ ರೋಗಕ್ಕೆ ಚಿಕಿತ್ಸೆ ಮಾಡುತ್ತ ಕುಳಿತರೆ ಹೊತ್ತು ಮೀರುತ್ತದೆ. ಆದುದರಿಂದ ರೋಗಿಯ ಕಿಸೆಯಲ್ಲಿ ಒಂದು ಚೀಟಿಯಿರುವುದು ಅವಶ್ಯ: ಪಂಪಿನ ಹೆಸರು, ಔಷಧಿಯ ಹೆಸರು, ಅದರ ಗಟ್ಟಿತನ, ದಿನದ ಪ್ರಮಾಣ, ಮುಂದೆ ತುಂಬಿಸಬೇಕಾದ ದಿನಾಂಕ, ವೈದ್ಯರ ದೂರವಾಣಿ ಸಂಖ್ಯೆ. ಅಪರಿಚಿತ ವೈದ್ಯರಿಗೂ ಅದನ್ನು ಓದಿದೊಡನೆ ಮುಕ್ಕಾಲು ವಿಷಯ ತಿಳಿಯುತ್ತದೆ.

ಇನ್ನು ಕಾಲಗಣನೆ. ಖಾನಾಪುರ ಪಟ್ಟಣವು ಬೆಳಗಾವಿಗೆ 25 ಕಿಲೋಮೀಟರಿನಷ್ಟು ಹತ್ತಿರ. ಆದರೆ ತಾಲ್ಲೂಕಿನ ಪಶ್ಚಿಮದ ಕಾಡಿನ ಹಳ್ಳಿಗಳಿಗೆ ಮಳೆಗಾಲದಲ್ಲಿ ಕಿಲೋಮೀಟರುಗಳ ಲೆಕ್ಕ ನಡೆಯುವುದಿಲ್ಲ. ಭೀಮಗಡದ ಕಾಡಿನ ಆಮಗಾಂವ್ ಎಂಬ ಹಳ್ಳಿಯಿಂದ 2024ರ ಜುಲೈ ತಿಂಗಳಲ್ಲಿ ಅಸ್ವಸ್ಥರಾದ ಮಹಿಳೆಯೊಬ್ಬರನ್ನು ಊರವರು ಕಟ್ಟಿಗೆಯಿಂದ ಕಟ್ಟಿದ ಡೋಲಿಯಲ್ಲಿ ಹೊತ್ತು, ಮಳೆಯಲ್ಲಿ ಕಾಡುದಾರಿಯನ್ನು ನಡೆದು ವಾಹನದವರೆಗೆ ತರಬೇಕಾಯಿತು. ಇಂತಹ ಊರಿನಲ್ಲಿ ಪಂಪನ್ನು ಹೊಂದಿದ ರೋಗಿಯೊಬ್ಬನಿದ್ದಾನೆಂದು ಭಾವಿಸಿರಿ. ಏಪ್ರಿಲ್ 15ರಂದು ತುಂಬಿಸಿದರೆ 90 ದಿನಗಳು ಮುಗಿಯುವುದು ಜುಲೈ 14ಕ್ಕೆ. ಅದು ಹಳ್ಳಗಳು ತುಂಬಿ ಹರಿಯುವ ಕಾಲ. ತೊಟ್ಟಿಯಲ್ಲಿ ಇನ್ನೂ ಔಷಧಿಯಿದ್ದರೂ ಜೂನ್ 1ರಂದೇ ಮತ್ತೆ ತುಂಬಿಸಿಕೊಂಡರೆ ಅವಧಿಯು ಆಗಸ್ಟ್ 30ರವರೆಗೆ ಹೋಗುತ್ತದೆ. ಮಳೆಯ ಭರವೂ ಅಷ್ಟರಲ್ಲಿ ಇಳಿದಿರುತ್ತದೆ. ಪಂಪಿನ ತಯಾರಕರಿಗೆ ಕಣಕುಂಬಿಯ ಮಳೆ ತಿಳಿಯದು. ಅದನ್ನು ಲೆಕ್ಕಕ್ಕೆ ಸೇರಿಸಬೇಕಾದವರು ರೋಗಿ, ಮನೆಯವರು ಮತ್ತು ವೈದ್ಯರು. ಆಪತ್ತಿಗೆಂದು ಮಾತ್ರೆಗಳನ್ನು ಮನೆಯಲ್ಲಿ ಇಡಬೇಕೇ, ಎಷ್ಟು ಇಡಬೇಕು ಎಂಬುದನ್ನೂ ವೈದ್ಯರಿಂದ ಮೊದಲೇ ಕೇಳಿ ಬರೆಸಿಕೊಂಡಿರಬೇಕು.

ಇಂತಹ ಪಂಪಿನ ಬೆಲೆ ಹಲವು ಲಕ್ಷ ರೂಪಾಯಿ. ಅಳವಡಿಸುವ ಕೇಂದ್ರಗಳು ಭಾರತದಲ್ಲಿ ಕೆಲವೇ, ಅವೂ ಬಹುಮಟ್ಟಿಗೆ ದೊಡ್ಡ ನಗರಗಳಲ್ಲಿ. ಆದುದರಿಂದ ನೋವಿನಿಂದ ಬಳಲುವ ಹೆಚ್ಚಿನವರಿಗೆ ಇಂದಿಗೂ ಆಸರೆಯಾಗಿರುವುದು ಅಗ್ಗದ ಮಾರ್ಫೀನ್ ಮಾತ್ರೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಿಂದ ಅಫೀಮು ಬೆಳೆಯುವ ನಮ್ಮ ದೇಶದಲ್ಲಿಯೇ 1985ರ ಮಾದಕವಸ್ತು ಕಾನೂನಿನ ಬಿಗಿಯಿಂದ ಆ ಮಾತ್ರೆ ಆಸ್ಪತ್ರೆಗಳಲ್ಲಿ ದುರ್ಲಭವಾಗಿತ್ತು. 2014ರ ತಿದ್ದುಪಡಿಯು ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ಅದನ್ನು ಪಡೆಯುವ ದಾರಿಯನ್ನು ಸರಳಗೊಳಿಸಿತು. ಮಾತ್ರೆಗೆ ಮೋಟಾರಿಲ್ಲ, ನಳಿಕೆಯಿಲ್ಲ. ಆದರೆ ಅದೂ ಮುಗಿಯುತ್ತದೆ, ಅದನ್ನೂ ತರಲು ದಾರಿ ಬೇಕು.

ವಿದ್ಯಾರ್ಥಿಗಳು ಇದರಿಂದ ಗ್ರಹಿಸಬೇಕಾದುದು ಇಷ್ಟು. ಆವಿಯ ಒತ್ತಡ, ಪ್ವಾಸೆಯ್ ನಿಯಮ, ಕಾಂತಕ್ಷೇತ್ರ ಎಂದು ನಾವು ಪರೀಕ್ಷೆಗಾಗಿ ಓದುವ ಪಾಠಗಳು ಒಬ್ಬ ಮನುಷ್ಯನ ಒಡಲಿನಲ್ಲಿ ಒಟ್ಟುಗೂಡಿ ಅವನ ರಾತ್ರಿಯ ನಿದ್ರೆಯನ್ನು ಕಾಯುತ್ತಿರುತ್ತವೆ. ಯಂತ್ರವನ್ನು ಕುರುಡಾಗಿ ನಂಬುವವನೂ, ಕೆಡುತ್ತದೆಂದು ಹೆದರಿ ದೂರವಿಡುವವನೂ ಅದರಿಂದ ಪೂರ್ಣ ಪ್ರಯೋಜನವನ್ನು ಪಡೆಯಲಾರರು. ಅದು ಎಲ್ಲೆಲ್ಲಿ ಕೆಡಬಲ್ಲುದು, ಕೆಟ್ಟಾಗ ಯಾವ ಗುರುತು ತೋರುತ್ತದೆ, ಆಗ ಯಾರ ಬಳಿಗೆ ಎಷ್ಟು ಹೊತ್ತಿನಲ್ಲಿ ತಲುಪಬೇಕು — ಈ ಮೂರನ್ನು ಅರಿತವನಿಗೆ ಮಾತ್ರ ಆ ನಾಲ್ಕು ಹನಿಗಳು ನಿಜವಾದ ಆಸರೆಯಾಗುತ್ತವೆ.